ಡೆಲಿವರಿ ಅಟ್ಟಿ ನೆಟ್ಟಗಾಗಲು ಹಿಡಿದ ಐದು ಭಾನುವಾರ

ಗದಗಿನಲ್ಲಿರುವ ನಮ್ಮ ಮುದ್ರಣಾಲಯದಲ್ಲಿ ಇರುವುದು ಒಂದೇ ಆಫ್‌ಸೆಟ್ ಯಂತ್ರ: ಒಂದು ಬಣ್ಣದ್ದು, ಗರಿಷ್ಠ 19×26 ಇಂಚಿನ ಹಾಳೆಯದ್ದು, ಎರಡನೆಯ ಕೈಯಿಂದ ಕೊಂಡದ್ದು. ಇದರ ಮೇಲೆ ಹೆಚ್ಚಾಗಿ ಓಡುವುದು ಡೆಮಿ 1/8 ಆಕಾರದ ಪುಸ್ತಕದ ಫಾರಂಗಳು, ಅಂದರೆ ಒಂದೇ ಹಾಳೆಯಲ್ಲಿ ಒಟ್ಟಿಗೆ ಮುದ್ರಿಸಿ ಮಡಚುವ ಪುಟಗಳ ಕಂತೆ. 18×23 ಇಂಚಿನ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್‌ಲಿಥೋ ಎಂಬ ಪುಸ್ತಕದ ಕಾಗದದ ಹಾಳೆಯ ಒಂದು ಮಗ್ಗುಲಿಗೆ 8 ಪುಟ, ಎರಡೂ ಮಗ್ಗುಲು ಸೇರಿ 16. ಮುದ್ರಣದ ಗುಣದ ಬಗ್ಗೆ ದೂರಿರಲಿಲ್ಲ. ದೂರಿದ್ದದ್ದು ಮುದ್ರಣವಾಗಿ ಹೊರಬಂದ ಹಾಳೆಗಳು ಡೆಲಿವರಿ ಹಲಗೆಯ ಮೇಲೆ ಕೂರುವ ರೀತಿಯ ಬಗ್ಗೆ. ಅಟ್ಟಿಯನ್ನು ನೋಡಿದರೆ ಯಾರೋ ತಿರುಚಿ ಇಟ್ಟಂತೆ ಕಾಣುತ್ತಿತ್ತು; ಅದನ್ನು ಕೈಯಿಂದ ತಟ್ಟಿ ಸರಿಮಾಡದ ಹೊರತು ಹಿಂಬದಿಯ ಮುದ್ರಣಕ್ಕೆ, ಯಂತ್ರಕ್ಕೆ ಹಾಳೆ ಉಣಿಸುವ ಫೀಡರಿಗೆ ಏರಿಸುವಂತೆಯೂ ಇರಲಿಲ್ಲ, ಕಟಿಂಗ್ ಯಂತ್ರಕ್ಕೆ ಕೊಡುವಂತೆಯೂ ಇರಲಿಲ್ಲ.

ಒಂದು ಸಾವಿರ ಹಾಳೆ ತಟ್ಟಿ ಜೋಡಿಸಲು ಒಬ್ಬರಿಗೆ 14 ನಿಮಿಷ ಹಿಡಿಯುತ್ತಿತ್ತು. 176 ಪುಟದ ಪುಸ್ತಕದ ಒಂದು ಸಾವಿರ ಪ್ರತಿ ಎಂದರೆ 11 ಫಾರಂ, 11,000 ಹಾಳೆ. ಪ್ರತಿ ಹಾಳೆಯನ್ನೂ ಎರಡು ಸಲ ತಟ್ಟಬೇಕು. ಲೆಕ್ಕ ಹಾಕಿದರೆ ಒಂದು ಪುಸ್ತಕಕ್ಕೆ ಐದು ತಾಸಿಗೂ ಮೇಲೆ ಬರೀ ತಟ್ಟುವ ಕೆಲಸ. ಬೈಂಡಿಂಗ್ ನೋಡಿಕೊಳ್ಳುವ ಅಕ್ಕ ಫೆಬ್ರವರಿಯ ಕೊನೆಯಲ್ಲಿ ಒಂದು ದಿನ, “ಅಣ್ಣಾರ, ಹಾಳಿ ತಟ್ಟೂದ್ರಾಗ ಹೊತ್ತು ಮುಳಗತೈತಿ, ಮಡಚೂದು ಯಾವಾಗ್ರಿ?” ಎಂದು ಕೇಳಿದ ಮೇಲೆ ಇದಕ್ಕೆ ಕೈಹಾಕಿದೆ. ಯಂತ್ರಕ್ಕೆ ಬಿಡುವು ಸಿಗುವುದು ಭಾನುವಾರ ಮಾತ್ರವಾದ್ದರಿಂದ ದುರಸ್ತಿಯೆಲ್ಲ ಮಾರ್ಚ್ ತಿಂಗಳ ಐದು ಭಾನುವಾರಗಳಲ್ಲಿ ನಡೆಯಿತು. ಅದರಲ್ಲಿ ಮೊದಲ ಎರಡು ಭಾನುವಾರ ಬಹುಪಾಲು ವ್ಯರ್ಥವಾದವು. ಹೇಗೆ ಎಂಬುದನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ಮೊದಲ ಅಳತೆ

ಗಂಟೆಗೆ 6000 ಹಾಳೆಯ ವೇಗದಲ್ಲಿ 500 ಹಾಳೆ ಓಡಿಸಿ, ಅಟ್ಟಿಯನ್ನು ಮುಟ್ಟದೆ ಮೂಲೆಮಟ್ಟ ಮತ್ತು ಉಕ್ಕಿನ ಸ್ಕೇಲ್ ಹಿಡಿದು ಅಳೆದೆ. ಹಾಳೆಯನ್ನು ತಡೆದು ನಿಲ್ಲಿಸುವ ಮುಂದಿನ ಸ್ಟಾಪಿಗೆ ಗೇರ್ ಮಗ್ಗುಲಿನ (ಯಂತ್ರದ ಗೇರುಗಳಿರುವ ಬದಿಯ) ಮೂಲೆ ತಾಗಿತ್ತು. ಆಪರೇಟರ್ ಮಗ್ಗುಲಿನ ಮೂಲೆ 9 ಮಿ.ಮೀ.ವರೆಗೆ ಹಿಂದೆ ಉಳಿದಿತ್ತು. ಅಡ್ಡಕ್ಕೆ 6 ಮಿ.ಮೀ. ಏರುಪೇರು. ಈ ಅಂಕಿಗಳನ್ನು ಅಂದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಹಾಳೆ ಯಾವಾಗಲೂ ಒಂದೇ ಕಡೆಗೆ ತಿರುಗುತ್ತಿದೆ ಎಂಬ ಸಂಗತಿ ಆ ಅಂಕಿಗಳಲ್ಲೇ ಇತ್ತು, ಆದರೆ ನಾನು ಓದಿಕೊಂಡದ್ದು ಮೂರು ವಾರದ ನಂತರ.

ಮಾರ್ಚ್ 3: ಜಾಗರ್

ಹಾಳೆ ಸಾಲಾಗಿ ಕೂರುತ್ತಿಲ್ಲವೆಂದರೆ ಅದನ್ನು ಪಕ್ಕದಿಂದ ತಟ್ಟುವ ಜಾಗರ್ ಕೆಟ್ಟಿರಬೇಕು ಎಂದು ಭಾವಿಸಿದೆ. ಬಿಚ್ಚಿ ನೋಡಿದಾಗ 12 ಮಿ.ಮೀ. ಪಿನ್ನಿಗೆ ಒಂದೂವರೆ ಮಿ.ಮೀ. ಅಲುಗಾಟ ಇದ್ದದ್ದು ನನ್ನ ಊಹೆಯನ್ನು ಇನ್ನಷ್ಟು ಗಟ್ಟಿಮಾಡಿತು. ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಬುಷ್ ಮಾಡಿಸಿ ಕೂರಿಸಿದೆ. 350 ರೂಪಾಯಿ ಆಯಿತು. ಅಷ್ಟಕ್ಕೇ ನಿಲ್ಲಿಸದೆ, ಜಾಗರ್ ಹಲಗೆಯನ್ನು ಹಾಳೆಯ ಅಳತೆಗಿಂತ 2 ಮಿ.ಮೀ. ಒಳಕ್ಕೆ ತಂದು ಬಿಗಿದೆ. ಒತ್ತಿ ತಟ್ಟಿದರೆ ಸರಿಹೋದೀತು ಎಂಬ ಲೆಕ್ಕ.

ಸೋಮವಾರ ಬೆಳಿಗ್ಗೆ ಓಡಿಸಿದ ಮೊದಲ ಫಾರಂನಲ್ಲಿಯೇ ಫಲ ಕಂಡಿತು. ಓರೆಯಾಗಿ ಬೀಳುತ್ತಿದ್ದ ಹಾಳೆಯ ಮೂಲೆ ಮೊದಲು ಜಾಗರಿಗೆ ಸಿಕ್ಕಿ, ಉಳಿದ ಅಂಚು ತಾಗುವ ಮುಂಚೆಯೇ ನಜ್ಜುಗುಜ್ಜಾಗುತ್ತಿತ್ತು. ಸುಮಾರು 200 ಹಾಳೆಗಳ ಮೂಲೆಗೆ ಉಗುರಿನಷ್ಟು ಮಡಿಕೆ. ಅವೇ ಹಾಳೆಗಳು ಹಿಂಬದಿಯ ಮುದ್ರಣಕ್ಕೆ ಹೋದಾಗ ಮಡಿಕೆಯಿಂದಾಗಿ ಫೀಡರಿನಲ್ಲಿ ಎರಡೆರಡು ಹಾಳೆ ಏಳತೊಡಗಿದವು. ಮಧ್ಯಾಹ್ನವೇ ಜಾಗರನ್ನು ಹಿಂದಿನ ಸ್ಥಾನಕ್ಕೆ ಸರಿಸಿದೆ. ಬುಷ್ ಹಾಕಿಸಿದ್ದು ತಪ್ಪಲ್ಲ. ಆದರೆ ರೋಗ ಅಲ್ಲಿರಲಿಲ್ಲ.

ಮಾರ್ಚ್ 10: ಸ್ಟ್ಯಾಟಿಕ್ ಮತ್ತು ಜರಿ

ಮಾರ್ಚಿನಲ್ಲಿ ನಮ್ಮ ಕಡೆಯ ಗಾಳಿ ಒಣಗಿರುತ್ತದೆ, ಅದರಿಂದ ಕಾಗದದಲ್ಲಿ ಸ್ಟ್ಯಾಟಿಕ್ (ಸ್ಥಿರ ವಿದ್ಯುತ್ತು) ಸೇರುತ್ತದೆ. ಅಟ್ಟಿಯ ಮೇಲೆ ಕೈಯಾಡಿಸಿದರೆ ತೋಳಿನ ಕೂದಲು ನಿಮಿರುತ್ತಿತ್ತು, ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಜಾರದೆ ನಿಲ್ಲುತ್ತಿದ್ದವು. 400 ರೂಪಾಯಿಯ ಆರ್ದ್ರತಾ ಮಾಪಕ ತಂದು ತೂಗುಹಾಕಿದೆ. ಮಧ್ಯಾಹ್ನ ಮೂರಕ್ಕೆ ಶೇ. 28 ತೋರಿಸಿತು. ಮುದ್ರಣದ ಕೋಣೆಯಲ್ಲಿ ಅದು ಶೇ. 50ರ ಆಸುಪಾಸಿನಲ್ಲಿರುವುದು ಒಳ್ಳೆಯದು.

ಹಳೆಯ ಆಪರೇಟರುಗಳು ಡೆಲಿವರಿಗೆ ಅಡ್ಡವಾಗಿ ತಾಮ್ರದ ಎಳೆಗಳ ಹಾರ ಕಟ್ಟಿ, ಅದರ ಒಂದು ತುದಿಯನ್ನು ಅರ್ಥಿಂಗಿಗೆ ಜೋಡಿಸುತ್ತಿದ್ದುದನ್ನು ಕಂಡಿದ್ದೆ. ಬೆಟಗೇರಿಯಲ್ಲಿ ನೇಕಾರರಿರುವಾಗ ಜರಿಗೇನು ಕೊರತೆ ಎಂದುಕೊಂಡು 180 ರೂಪಾಯಿಯ ಹೊಳೆಯುವ ಜರಿ ತಂದು, ಮಾಲೆಯಂತೆ ಹೆಣೆದು, ಹಾಳೆ ಬೀಳುವ ಜಾಗದ ಮೇಲೆ ಕಟ್ಟಿದೆ. ನೋಡಲು ಮದುವೆಯ ಮಂಟಪದಂತಿತ್ತು, ಕೆಲಸ ಮಾತ್ರ ಸೊನ್ನೆ. ಸಂಜೆ ಮಲ್ಟಿಮೀಟರ್ ಹಚ್ಚಿದಾಗ ತಿಳಿಯಿತು: ಜರಿಯ ಒಂದು ತುದಿಯಿಂದ ಇನ್ನೊಂದಕ್ಕೆ ವಿದ್ಯುತ್ತು ಹರಿಯುತ್ತಲೇ ಇರಲಿಲ್ಲ. ಅದು ಲೋಹದ ಎಳೆಯಲ್ಲ, ಹೊಳಪು ಹಚ್ಚಿದ ಪ್ಲಾಸ್ಟಿಕ್ ಪಟ್ಟಿ.

ಮರುದಿನ ಸಂಜೆ 120 ರೂಪಾಯಿಯ ಬಹುಎಳೆ ತಾಮ್ರದ ವೈರ್ ತಂದು, ಹೊದಿಕೆ ಸುಲಿದು, ಎಳೆಗಳನ್ನು ಕುಂಚದಂತೆ ಬಿಡಿಸಿ, ಹಾಳೆಯ ಮೇಲ್ಮೈಗೆ ಮುಟ್ಟಿಯೂ ಮುಟ್ಟದಂತೆ ಕಟ್ಟಿದೆ. ಆಗಲೂ ಪ್ರಯೋಜನ ಕಾಣಲಿಲ್ಲ. ಕಾರಣ ಹುಡುಕಲು ಇನ್ನೆರಡು ದಿನ ಹೋದವು: ವೈರಿನ ತುದಿಯನ್ನು ಯಂತ್ರದ ಪಕ್ಕದ ಚೌಕಟ್ಟಿಗೆ ಬೋಲ್ಟ್ ಮಾಡಿದ್ದೆನಾದರೂ ಆ ಜಾಗದಲ್ಲಿ ಹಸಿರು ಬಣ್ಣದ ಎರಡು ಪದರ ಇತ್ತು. ಬಣ್ಣವನ್ನು ಎಮರಿ ಹಾಳೆಯಿಂದ ಕೆರೆದು, ಲೋಹ ಹೊಳೆಯುವಂತೆ ಮಾಡಿ, ಮತ್ತೆ ಬಿಗಿದ ಮೇಲೆ ಕೂದಲು ನಿಮಿರುವುದು ನಿಂತಿತು.

ಇದೇ ವಾರದ ಇನ್ನೊಂದು ಎಡವಟ್ಟು ಎಂದರೆ ಆರ್ದ್ರತೆ ಹೆಚ್ಚಿಸಲು ಕಿಟಕಿಗಳಿಗೆ ಹಸಿ ಗೋಣಿಚೀಲ ಕಟ್ಟಿದ್ದು. ಮಾಪಕವೇನೋ ಶೇ. 45ಕ್ಕೆ ಏರಿತು, ಆದರೆ ಕಿಟಕಿಯ ಪಕ್ಕದಲ್ಲೇ ತೆರೆದಿಟ್ಟಿದ್ದ ರೀಮುಗಳ ಅಂಚು ಅಲೆಯಲೆಯಾಗಿ ಎದ್ದು, ಅವುಗಳಲ್ಲಿ ರಿಜಿಸ್ಟರ್ ಹಿಡಿಯುವುದೇ, ಅಂದರೆ ಮುದ್ರಣ ಸರಿಯಾದ ಜಾಗದಲ್ಲೇ ಬೀಳುವಂತೆ ಮಾಡುವುದೇ, ಕಷ್ಟವಾಯಿತು. ಗೋಣಿಯನ್ನು ಕಾಗದದಿಂದ ದೂರದ ಗೋಡೆಗೆ ಸರಿಸಿ, ರೀಮುಗಳಿಗೆ ಪ್ಲಾಸ್ಟಿಕ್ ಹೊದಿಸಿದೆ. ಆ ವಾರಾಂತ್ಯದ ಅಳತೆಯಲ್ಲಿ ಓರೆ 9ರಿಂದ 8 ಮಿ.ಮೀ.ಗೆ ಇಳಿದಿತ್ತು. ಒಂದು ವಾರದ ದುಡಿಮೆಗೆ ಒಂದು ಮಿಲಿಮೀಟರ್.

ಮಾರ್ಚ್ 17: ಫ್ಯಾನ್

ಹಾಳೆಯ ಅಂಚನ್ನು ಹಿಡಿದು ತರುವ ಗ್ರಿಪ್ಪರ್ ಬಿಟ್ಟ ಹಾಳೆಯ ಕೆಳಗೆ ಗಾಳಿ ಸಿಕ್ಕಿಕೊಂಡು ಅದು ತೇಲುತ್ತಾ ಇಳಿಯುವುದನ್ನು ಬರಿಗಣ್ಣಿನಲ್ಲೇ ಕಾಣಬಹುದಿತ್ತು. ಮೇಲಿನಿಂದ ಗಾಳಿ ಊದಿ ಅದನ್ನು ಕೆಳಕ್ಕೆ ಒತ್ತುವ ವ್ಯವಸ್ಥೆ ದೊಡ್ಡ ಯಂತ್ರಗಳಲ್ಲಿ ಇರುತ್ತದೆ. ನಮ್ಮದರಲ್ಲಿ ಕೊಳವೆ ಇದ್ದರೂ ಅದು ಎಂದೋ ಮುರಿದಿತ್ತು. ಕಂಪ್ಯೂಟರಿಗೆ ಬಳಸುವ 120 ಮಿ.ಮೀ., 12 ವೋಲ್ಟಿನ ನಾಲ್ಕು ಫ್ಯಾನುಗಳನ್ನು ತಲಾ 250ರಂತೆ ಕೊಂಡು, 450 ರೂಪಾಯಿಯ ಎಸ್‌ಎಂಪಿಎಸ್ (ಫ್ಯಾನುಗಳಿಗೆ 12 ವೋಲ್ಟ್ ಕೊಡುವ ಪೆಟ್ಟಿಗೆ) ಮತ್ತು 150 ರೂಪಾಯಿಯ ವೇಗ ನಿಯಂತ್ರಕದೊಂದಿಗೆ ಡೆಲಿವರಿಯ ಮೇಲ್ಗಡೆ ಆಂಗಲ್ ಪಟ್ಟಿಗೆ ಕೂರಿಸಿದೆ. ಆಂಗಲ್ಲಿಗೂ ಬೆರಳು ಹೋಗದ ಜಾಲರಿಗೂ 300 ಆಯಿತು.

ನಾಲ್ಕನ್ನೂ ಪೂರ್ಣ ವೇಗಕ್ಕೆ ಹಚ್ಚಿದ್ದು ಮೊದಲ ತಪ್ಪು. ಸೆಟ್‌ಆಫ್ (ಹಸಿ ಶಾಯಿ ಮೇಲಿನ ಹಾಳೆಗೆ ಅಂಟುವುದು) ಆಗದಿರಲೆಂದು ಉದುರಿಸುವ ಸ್ಪ್ರೇ ಪೌಡರ್ ಹಾಳೆಯ ಮೇಲೆ ನಿಲ್ಲುವ ಬದಲು ಕೋಣೆಯೆಲ್ಲ ಹರಡಿ, ಹತ್ತು ನಿಮಿಷದಲ್ಲಿ ನಮ್ಮ ಹುಬ್ಬು ಬೆಳ್ಳಗಾದವು. ಅಟ್ಟಿಯ ಕೆಳಗಿನ ಹಾಳೆಗಳಲ್ಲಿ ಶಾಯಿ ಹಿಂಬದಿಗೆ ಅಂಟಿಯೂ ಬಿಟ್ಟಿತು. ಎರಡನೆಯ ತಪ್ಪು, ನಾಲ್ಕು ಫ್ಯಾನುಗಳನ್ನು ಒಂದೇ ಸಾಲಿನಲ್ಲಿ ಹಿಂತುದಿಯ ಮೇಲೆ ಇಟ್ಟಿದ್ದು. ಹಾಳೆಯ ಹಿಂತುದಿ ಮೊದಲು ಕುಸಿದು, ಮುಂತುದಿ ಬಾವುಟದಂತೆ ಪಟಪಟಿಸುತ್ತಿತ್ತು. ಎರಡನ್ನು ಹಾಳೆಯ ನಡುವಿಗೂ ಎರಡನ್ನು ಹಿಂತುದಿಯಿಂದ 120 ಮಿ.ಮೀ. ಈಚೆಗೂ ತಂದು, ವೇಗವನ್ನು ಅರ್ಧಕ್ಕಿಂತ ತುಸು ಕಡಿಮೆ ಇಟ್ಟಾಗ ಹಾಳೆ ನಡುವಿನಿಂದ ಮೊದಲು ಇಳಿದು, ಗಾಳಿ ಎರಡು ಬದಿಗೂ ಜಾರಿಹೋಗತೊಡಗಿತು. ಅಳತೆ: ಓರೆ 6 ಮಿ.ಮೀ., ಅಡ್ಡ ಏರುಪೇರು 3.

ಫ್ಯಾನುಗಳ ಸ್ಥಾನ ಹೊಂದಿಸುವಾಗ ಮಾಡಿದ ಒಂದು ಕೆಲಸವನ್ನು ಯಾರೂ ಮಾಡಬಾರದು. ಗಾರ್ಡ್ ಎತ್ತಿದರೆ ಯಂತ್ರ ನಿಲ್ಲಬೇಕಾದ ಲಿಮಿಟ್ ಸ್ವಿಚ್ಚಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಯಂತ್ರ ಓಡುತ್ತಿರುವಾಗಲೇ ಸ್ಕ್ರೂ ಬಿಗಿಯಲು ಹೋದೆ. ಕೈಜಾರಿದ ಸ್ಕ್ರೂಡ್ರೈವರನ್ನು ಗ್ರಿಪ್ಪರ್ ಬಾರ್ ಎಳೆದುಕೊಂಡು ಹೋಗಿ, ಒಂದು ಗ್ರಿಪ್ಪರ್ ಬಾಗಿತು. ಹಳೆ ಬಿಡಿಭಾಗದ ಅಂಗಡಿಯಲ್ಲಿ ಅದರ ಬದಲಿಗೆ 650 ರೂಪಾಯಿ ಕೊಟ್ಟೆ. ಸ್ಕ್ರೂಡ್ರೈವರಿನ ಜಾಗದಲ್ಲಿ ಬೆರಳಿರಲಿಲ್ಲ ಎಂಬುದು ನನ್ನ ಜಾಣತನದಿಂದ ಆದದ್ದಲ್ಲ. ಟೇಪನ್ನು ಅಂದೇ ಕಿತ್ತೆಸೆದೆ.

ಮಾರ್ಚ್ 20: ಮೊಬೈಲ್ ತೋರಿಸಿದ್ದು

ಇದು ಭಾನುವಾರವಲ್ಲ, ಬುಧವಾರದ ಊಟದ ಹೊತ್ತು. ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆಯುವ ನಿಧಾನಗತಿಯ ವಿಡಿಯೋ ಸೌಲಭ್ಯ ಇರುವುದು ನೆನಪಾಯಿತು. ಜಾಗರನ್ನು ಎರಡೂ ಕಡೆ ಪೂರ್ತಿ ಹೊರಕ್ಕೆ ಸರಿಸಿ, ಹಾಳೆ ತನ್ನಷ್ಟಕ್ಕೆ ಎಲ್ಲಿ ಬೀಳುತ್ತದೋ ಅಲ್ಲಿ ಬೀಳಲಿ ಎಂದು ಬಿಟ್ಟು, ಗಾರ್ಡಿನ ಹೊರಗಿನಿಂದ ಚಿತ್ರೀಕರಿಸಿದೆ. 6000ದ ವೇಗದಲ್ಲಿ ಹಾಳೆಗೆ 0.6 ಸೆಕೆಂಡು, ಅಂದರೆ ಪ್ರತಿ ಹಾಳೆಗೂ 144 ಚಿತ್ರ. ಗ್ರಿಪ್ಪರ್ ಬಿಡುವವರೆಗೂ ಹಾಳೆ ನೆಟ್ಟಗೇ ಬರುತ್ತಿತ್ತು. ಬಿಟ್ಟ ಕ್ಷಣದಲ್ಲಿ ಆಪರೇಟರ್ ಮಗ್ಗುಲಿನ ಹಿಂತುದಿಯನ್ನು ಸಕ್ಷನ್ ವೀಲ್ (ರಂಧ್ರಗಳಿಂದ ಗಾಳಿ ಹೀರಿ ಹಾಳೆ ಹಿಡಿಯುವ ಗಾಲಿ) ಹಿಡಿದು ನಿಧಾನ ಮಾಡುತ್ತಿತ್ತು, ಗೇರ್ ಮಗ್ಗುಲಿನಲ್ಲಿ ಹಿಡಿಯುವವರೇ ಇರಲಿಲ್ಲ. ಆ ಮಗ್ಗುಲು ಅದೇ ರಭಸದಲ್ಲಿ ಮುಂದೋಡಿ, ಸ್ಟಾಪಿಗೆ ಬಡಿದು, ಹಾಳೆ ಚಕ್ರದಂತೆ ತಿರುಗುತ್ತಿತ್ತು. ಕೆಳಗೆ ಬೀಳುವ ಮೊದಲೇ ಓರೆಯಾದ ಹಾಳೆಯನ್ನು ನಾನು ಮೂರು ವಾರದಿಂದ ಕೆಳಗೆ ನಿಂತು ತಿದ್ದಲು ಹೊರಟಿದ್ದೆ. ಈ ವಿಡಿಯೋವನ್ನು ಮೊದಲ ದಿನವೇ ತೆಗೆಯಬೇಕಿತ್ತು. ಅದಕ್ಕೆ ಒಂದು ಪೈಸೆಯ ಖರ್ಚೂ ಇರಲಿಲ್ಲ.

ಮಾರ್ಚ್ 24: ಸಕ್ಷನ್ ವೀಲ್, ಪಂಪ್, ಗ್ರಿಪ್ಪರ್ ಕ್ಯಾಮ್

ಅಷ್ಟು ಕಂಡ ಮೇಲೂ ಒಂದು ತಪ್ಪು ಮಾಡಿದೆ. ಹಿಡಿತವಿಲ್ಲ ಎಂದರೆ ವ್ಯಾಕ್ಯೂಮ್ ಸಾಲದು, ವ್ಯಾಕ್ಯೂಮ್ ಸಾಲದು ಎಂದರೆ ಪಂಪಿನ ಕಾರ್ಬನ್ ಪಟ್ಟಿ ಸವೆದಿರಬೇಕು ಎಂದು ನೇರವಾಗಿ ಪಂಪಿಗೆ ಕೈಹಾಕಿದೆ. ಪಟ್ಟಿಗಳು ಸವೆದಿದ್ದದ್ದು ನಿಜ: ಹೊಸದರ ಅಗಲ 38 ಮಿ.ಮೀ., ನಮ್ಮವು 31. 1,400 ರೂಪಾಯಿಯ ಹೊಸ ಸೆಟ್ ಮತ್ತು 250 ರೂಪಾಯಿಯ ಫಿಲ್ಟರ್ ಹಾಕಿದೆ. ಫೀಡರಿನ ಹಿಡಿತ ಚೆನ್ನಾಯಿತು. ಡೆಲಿವರಿಯಲ್ಲಿ ಹಾಳೆ ಮೊದಲಿನಂತೆಯೇ ತಿರುಗಿತು.

ಆಮೇಲೆ, ಮೊದಲು ಮಾಡಬೇಕಿದ್ದ ಪರೀಕ್ಷೆ ಮಾಡಿದೆ. ಯಂತ್ರ ನಿಲ್ಲಿಸಿ, ಪಂಪ್ ಮಾತ್ರ ಚಾಲೂ ಇಟ್ಟು, ನಾಲ್ಕೂ ವೀಲುಗಳ ಮೇಲೆ ಒಂದೊಂದು ಕಾಗದದ ಚೂರು ಇಟ್ಟೆ. ಆಪರೇಟರ್ ಮಗ್ಗುಲಿನ ಎರಡರ ಮೇಲೆ ಚೂರು ಅಂಟಿ ನಿಂತಿತು. ಗೇರ್ ಮಗ್ಗುಲಿನ ಎರಡರಿಂದ ಜಾರಿ ಬಿತ್ತು. ಆ ಎರಡನ್ನು ಶಾಫ್ಟಿನಿಂದ ಹೊರತೆಗೆದು ಬೆಳಕಿಗೆ ಹಿಡಿದರೆ ಒಂದು ರಂಧ್ರದಲ್ಲೂ ಬೆಳಕಿಲ್ಲ. ಸ್ಪ್ರೇ ಪೌಡರ್ ಮತ್ತು ಕಾಗದದ ಧೂಳು, ಎಲ್ಲಿಂದಲೋ ಸೇರಿದ ಎಣ್ಣೆಯ ಜಿಡ್ಡಿನೊಂದಿಗೆ ಕಲಸಿ, ಒಣಗಿ, ಬೆಣಚು ಕಲ್ಲಿನಂತಾಗಿತ್ತು. ಗೋಣಿ ಹೊಲಿಯುವ ದಬ್ಬಳದ ತುದಿಯಿಂದ ಒಂದೊಂದೇ ರಂಧ್ರ ಬಿಡಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಲು ನಲವತ್ತು ನಿಮಿಷ ಹಿಡಿಯಿತು. ದಬ್ಬಳ ಮನೆಯದ್ದು. ವೀಲುಗಳ ಮೇಲಿನ ರಬ್ಬರ್ ಬಳೆಗಳು ಗೀರುಬಿದ್ದಿದ್ದರಿಂದ ನಾಲ್ಕನ್ನೂ 360 ರೂಪಾಯಿಗೆ ಬದಲಿಸಿದೆ.

ಅದೇ ಮಧ್ಯಾಹ್ನದ ಅಳತೆ: ಓರೆ 2 ಮಿ.ಮೀ.!

ಹಾಳೆ ನೆಟ್ಟಗೆ ಬರತೊಡಗಿದ ಮೇಲೆ ಇನ್ನೊಂದು ದೋಷ ಹೊರಬಿತ್ತು. ಎಲ್ಲ ಹಾಳೆಗಳೂ ಮುಂದಿನ ಸ್ಟಾಪಿಗೆ ಬಡಿದು 3 ಮಿ.ಮೀ.ಯಷ್ಟು ಹಿಂದಕ್ಕೆ ಪುಟಿಯುತ್ತಿದ್ದವು. ಗ್ರಿಪ್ಪರ್ ತೆರೆಸುವ ಕ್ಯಾಮನ್ನು ತುಸು ಹಿಂದಕ್ಕೆ ಸರಿಸಿ ಬೇಗ ಬಿಡಿಸಬೇಕಿತ್ತು. ನಮ್ಮ ಯಂತ್ರದಲ್ಲಿ ಓಡುತ್ತಿರುವಾಗ ತಿರುಗಿಸುವ ಗುಬುಟು ಇಲ್ಲ. ನಿಲ್ಲಿಸಿ, ಎರಡು ಬೋಲ್ಟ್ ಸಡಿಲಿಸಿ, ಸೀಳುಗಂಡಿಯಲ್ಲಿ ಸರಿಸಬೇಕು. ಮೊದಲ ಸಲ ಇಂಚಿಂಗ್‌ನಲ್ಲಿ ನಿಧಾನವಾಗಿ ತಿರುಗಿಸುತ್ತಾ, ಹಾಳೆ ಸರಿಯಾಗಿ ಸ್ಟಾಪಿನ ಹತ್ತಿರ ಬಿಡುಗಡೆಯಾಗುವಂತೆ ಹೊಂದಿಸಿದೆ. 6000ಕ್ಕೆ ಏರಿಸಿದಾಗ ಪುಟಿತ ಮೊದಲಿಗಿಂತಲೂ ಹೆಚ್ಚಾಯಿತು, ಏಕೆಂದರೆ ವೇಗದಲ್ಲಿ ಹಾಳೆ ಬಿಟ್ಟ ಮೇಲೂ ಮುಂದೋಡುತ್ತದೆ. ಓಡುವ ವೇಗದಲ್ಲೇ ನೋಡುತ್ತಾ, ನಿಲ್ಲಿಸಿ 1 ಮಿ.ಮೀ. ಸರಿಸುತ್ತಾ, ಏಳನೆಯ ಪ್ರಯತ್ನದಲ್ಲಿ ಸರಿಯಾದ ಜಾಗ ಸಿಕ್ಕಿತು. 4000, 6000 ಮತ್ತು 7500ಕ್ಕೆ ಬೇರೆಬೇರೆ ಗೆರೆಗಳನ್ನು ಕ್ಯಾಮಿನ ಪಕ್ಕದಲ್ಲಿ ಉಳಿಯಿಂದ ಕೊರೆದಿಟ್ಟಿದ್ದೇನೆ.

ಮಾರ್ಚ್ 31: ಹಲಗೆ ಇಳಿಯುವ ರಾಚೆಟ್

ಅಟ್ಟಿ ಏರಿದಂತೆ ಹಲಗೆಯನ್ನು ತಾನಾಗಿ ಇಳಿಸುವ ರಾಚೆಟ್ಟಿನ (ಒಂದೊಂದೇ ಹಲ್ಲಿನಷ್ಟು ತಿರುಗುವ ಹಲ್ಲುಗಾಲಿಯ) ಕೊಂಡಿಯನ್ನು ಹಿಂದಿನ ಮಾಲೀಕರ ಕಾಲದಲ್ಲೇ ಯಾರೋ ಬಿಚ್ಚಿಟ್ಟಿದ್ದರು. ಸಹಾಯಕ ಹುಡುಗ ಸುಮಾರು 500 ಹಾಳೆಗೊಮ್ಮೆ ಕೈಯಿಂದ ಇಳಿಸುತ್ತಿದ್ದ. 70 ಜಿಎಸ್‌ಎಂನ 500 ಹಾಳೆ ಸುಮಾರು 45 ಮಿ.ಮೀ. ದಪ್ಪ, ಹಾಗಾಗಿ ಹಾಳೆ ಒಮ್ಮೆ 90 ಮಿ.ಮೀ. ಎತ್ತರದಿಂದ, ಇನ್ನೊಮ್ಮೆ 45ರಿಂದ ಬೀಳುತ್ತಿತ್ತು. ಅಟ್ಟಿಯ ಪಕ್ಕ ನಿಂತು ನೋಡಿದರೆ 500 ಹಾಳೆಗೊಂದು ಪಟ್ಟೆ ಎದ್ದು ಕಾಣುತ್ತಿದ್ದುದಕ್ಕೆ ಇದೇ ಕಾರಣ.

ಲೇತ್ ಅಂಗಡಿಯವರಿಗೆ ರಾಚೆಟ್ಟಿನ ಹಲ್ಲಿನ ಅಚ್ಚನ್ನು ಸಾಬೂನಿನಲ್ಲಿ ಒತ್ತಿ ಒಯ್ದು ಕೊಟ್ಟು, ಕೊಂಡಿ ಮತ್ತು ಸ್ಪ್ರಿಂಗ್ ಮಾಡಿಸಿದೆ, 900 ರೂಪಾಯಿ. ಮೊದಲನೆಯ ಕೊಂಡಿಯ ಮೂತಿ ತೀರಾ ಚೂಪಾಗಿ, ಒಮ್ಮೆಗೆ ಎರಡು ಹಲ್ಲು ಹಾರುತ್ತಿತ್ತು. ಅರದಿಂದ ಉಜ್ಜಿ ಮೊಂಡಾಗಿಸಿದ ಮೇಲೆ ಒಂದೊಂದೇ ಹಲ್ಲು ಇಳಿಯತೊಡಗಿತು. ಈಗ ಅಟ್ಟಿ ಏರಿ ನಾಲಗೆಯನ್ನು ಮುಟ್ಟಿದಾಗ ಹಲಗೆ ಸುಮಾರು 2 ಮಿ.ಮೀ. ಮಾತ್ರ ಇಳಿಯುತ್ತದೆ, ಬೀಳುವ ಎತ್ತರ 50 ಮಿ.ಮೀ.ಯಲ್ಲೇ ಉಳಿಯುತ್ತದೆ. ಕೊನೆಗೆ ಜಾಗರನ್ನು ಮತ್ತೆ ಹೊಂದಿಸಿದೆ: ಯಂತ್ರವನ್ನು ಇಂಚಿಂಗ್ ಮಾಡಿ ಜಾಗರ್ ಪೂರ್ತಿ ಒಳಬಂದ ಸ್ಥಿತಿಯಲ್ಲಿ ನಿಲ್ಲಿಸಿ, ಹಾಳೆಗೂ ಅದಕ್ಕೂ ನಡುವೆ ಅರ್ಧ ಮಿ.ಮೀ. ಸಂದು ಬಿಟ್ಟು ಬಿಗಿದೆ. ನೆಟ್ಟಗೆ ಬಂದ ಹಾಳೆಗೆ ಮುಟ್ಟಿಸಿದರೆ ಸಾಕು, ಒತ್ತಬೇಕಾಗಿಲ್ಲ.

ಆರ್ಟ್ ಪೇಪರಿನ ಮೇಲೆ ದಟ್ಟ ಶಾಯಿಯ ಕೆಲಸ ಬಂದಾಗ ಭಾರಕ್ಕೆ ಸೆಟ್‌ಆಫ್ ಆಗದಂತೆ, ಮೂಲೆಗಳಿಗೆ 75 ಮಿ.ಮೀ. ಕಾಲು ಹೊಡೆದ ಎಂಟು ಪ್ಲೈವುಡ್ ಹಲಗೆಗಳನ್ನೂ ತಲಾ 220 ರೂಪಾಯಿಯಲ್ಲಿ ಬಡಿಗರಿಂದ ಮಾಡಿಸಿದೆ. 500 ಹಾಳೆಗೊಂದು ಹಲಗೆ.

ಏಪ್ರಿಲ್: ಹಿಂಬದಿಯ ಗೆರೆ

ಮೊದಲ ವಾರ ಒಂದು ಆಘಾತ ಕಾದಿತ್ತು. ಮೊದಲ ಮಗ್ಗುಲು ಮುದ್ರಿಸುವಾಗ ವೀಲುಗಳು ಹಾಳೆಯ ಕೆಳಗಿನ ಖಾಲಿ ಮೈಯನ್ನು ಮುಟ್ಟುವುದರಿಂದ ಏನೂ ಕಾಣುವುದಿಲ್ಲ. ಹಿಂಬದಿಯ ಮುದ್ರಣದಲ್ಲಿ ಮಾತ್ರ ಕೆಳಗಿರುವುದು ಆಗಲೇ ಮುದ್ರಣವಾದ ಮಗ್ಗುಲು. ಬೆಳಿಗ್ಗೆ ಮುದ್ರಿಸಿದ್ದನ್ನು ಅವಸರದಲ್ಲಿ ಸಂಜೆಯೇ ಮಗುಚಿ ಹಾಕಿದ್ದೆ. ಹಿಡಿತ ಬಲವಾಗಿದ್ದ ವೀಲುಗಳು ಹಸಿಯಿದ್ದ ಅಕ್ಷರಗಳ ಮೇಲೆ ಬೂದು ಗೆರೆ ಎಳೆದಿದ್ದವು. 340 ಹಾಳೆ ರದ್ದಿಗೆ ಹೋದವು. 23 ಇಂಚಿನ ಅಗಲದಲ್ಲಿ ನಾಲ್ಕು ಪುಟ ಬರುವುದರಿಂದ ಪುಟಗಳ ನಡುವಿನ ಖಾಲಿ ಪಟ್ಟಿಗಳು ಹಾಳೆಯ ಅಂಚಿನಿಂದ 146, 292 ಮತ್ತು 438 ಮಿ.ಮೀ.ಯಲ್ಲಿ ಬೀಳುತ್ತವೆ. ಮೂರು ವೀಲುಗಳನ್ನು ಆ ಮೂರು ಪಟ್ಟಿಗಳಿಗೆ ಸರಿಸಿ, ನಾಲ್ಕನೆಯದರ ಗಾಳಿಯನ್ನು ಮುಚ್ಚಿ ಬದಿಗೆ ತಳ್ಳಿದೆ. ಮೂರೂ ನಡುಪಟ್ಟಿಯ ಎರಡು ಕಡೆಗೆ ಸಮನಾಗಿರುವುದರಿಂದ ಹಾಳೆ ತಿರುಗಲಿಲ್ಲ. ಶಾಫ್ಟಿನ ಮೇಲೆ ಆ ಮೂರು ಜಾಗಗಳಿಗೆ ಕೆಂಪು ಬಣ್ಣ ಹಚ್ಚಿದ್ದೇನೆ.

ಈಗಿನ ಅಳತೆ: 1000 ಹಾಳೆಯ ಅಟ್ಟಿಯಲ್ಲಿ ಓರೆ 1 ಮಿ.ಮೀ., ಅಡ್ಡ ಏರುಪೇರು 1 ಮಿ.ಮೀ.ಗೂ ಕಡಿಮೆ. ತಟ್ಟುವ ಸಮಯ ಸಾವಿರಕ್ಕೆ 3 ನಿಮಿಷ. ಒಟ್ಟು ಖರ್ಚು 8,270 ರೂಪಾಯಿ. ಅದರಲ್ಲಿ ಜರಿಯ 180 ಮತ್ತು ಗ್ರಿಪ್ಪರಿನ 650 ಶುದ್ಧ ದಂಡ. ಪರೀಕ್ಷೆಗೂ ತಪ್ಪಿಗೂ ಸೇರಿ ಸುಮಾರು 900 ಹಾಳೆ, ಎಂದರೆ 17 ಕಿಲೋ ಕಾಗದ ಹಾಳಾಯಿತು. ವೀಲಿನ ರಂಧ್ರಗಳನ್ನು ಪ್ರತಿ ಶನಿವಾರ ಸಂಜೆ ದಬ್ಬಳದಿಂದ ಬಿಡಿಸುವ ಕೆಲಸವನ್ನು ಹುಡುಗನಿಗೆ ವಹಿಸಿದ್ದೇನೆ. ದಬ್ಬಳವನ್ನು ಡೆಲಿವರಿಯ ಪಕ್ಕದಲ್ಲೇ ದಾರ ಕಟ್ಟಿ ತೂಗುಹಾಕಿದೆ.

ಬಗೆಹರಿಯದೆ ಉಳಿದದ್ದು 54 ಜಿಎಸ್‌ಎಂನ ತೆಳು ಕಾಗದ. 5000ದ ಮೇಲೆ ಹೋದರೆ ಅದರ ಹಿಂತುದಿ ವೀಲಿನಿಂದ ಬಿಡಿಸಿಕೊಳ್ಳುವಾಗ ಒಳಕ್ಕೆ ಮಡಚಿಕೊಳ್ಳುತ್ತಿದೆ. ವ್ಯಾಕ್ಯೂಮ್ ಇಳಿಸಿದರೆ ಹಾಳೆ ಪುಟಿಯುತ್ತದೆ, ಏರಿಸಿದರೆ ಮಡಚುತ್ತದೆ. ಸದ್ಯಕ್ಕೆ 4500ರಲ್ಲಿ ಓಡಿಸುತ್ತಿದ್ದೇನೆ.